ಎರಡು ಫ್ಲ್ಯಾಶಿನ ನಡುವೆ

ಸಂಘಪಾಲನ ಬಲಗೈಯಲ್ಲಿ ಈಗ ಎರಡೇ ಬೆರಳು ಉಳಿದಿವೆ, ಹೆಬ್ಬೆರಳು ಮತ್ತು ತೋರುಬೆರಳು. ಅವನ ದವಡೆ ಒಡೆದದ್ದು, ಮೂರು ಪಕ್ಕೆಲುಬು ಮುರಿದದ್ದು, ಎರಡು ಹಲ್ಲು ಉದುರಿದ್ದು ಧೊಂಡಿಬಾ ಮತ್ತು ಅವನ ತಮ್ಮನ ಕೆಲಸ. ಬೆರಳು ಹೋದದ್ದು ಮಾತ್ರ ನನ್ನ ಕೆಲಸ. ಯಾರಾದರೂ ಅಂಗಡಿಗೆ ಬಂದು, ನಿಮ್ಮದೇನು ತಪ್ಪು ಭಾಲಚಂದ್ರರಾವ್, ಎಲ್ಲ ನಸೀಬು ಎಂದು ಸಮಾಧಾನ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ಮೆಟ್ಟಿಲ ಮೇಲಿಂದಲೇ ವಾಪಸು ಕಳಿಸುತ್ತೇನೆ.

ನನ್ನ ಅಂಗಡಿ ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿದೆ. ನಲವತ್ತು ವರ್ಷದಿಂದ ರೇಡಿಯೋ, ಟೇಪು, ಕ್ಯಾಮೆರಾದ ಫ್ಲ್ಯಾಶು ಬಿಚ್ಚುವುದು, ಜೋಡಿಸುವುದು. ಸಿಟ್ಟಿನ ಮನುಷ್ಯ ಎಂದು ಊರಿಗೆಲ್ಲ ಗೊತ್ತು. ರಿಪೇರಿಗೆ ತಂದವರು ಮೊದಲು ಬೈಸಿಕೊಂಡು, ಆಮೇಲೆ ಸಾಮಾನು ಕೊಟ್ಟು ಹೋಗುತ್ತಾರೆ. ಸಂಘಪಾಲನೂ ಹಾಗೆಯೇ ಬೈಸಿಕೊಂಡವನು, ಇಪ್ಪತ್ತು ವರ್ಷ. ಔರಾದಿನ ಬಸ್‌ಸ್ಟ್ಯಾಂಡಿನ ಎದುರು ಅವನ ಫೋಟೋ ಸ್ಟುಡಿಯೋ ಇದೆ. ಮದುವೆ, ಜಾವಳ, ಪಾಸ್‌ಪೋರ್ಟ್ ಫೋಟೋ ಎಂದು ಬೋರ್ಡಿನ ಮೇಲೆ ಬರೆದಿದೆ. ಬೋರ್ಡಿನ ಮೇಲೆ ಬರೆಯದ ಕೆಲಸ ಇನ್ನೊಂದಿತ್ತು, ಹೆಣದ್ದು.

ನಮ್ಮ ಕಡೆ ಎಲ್ಲಿ ಹೆಣ ಬಿದ್ದರೂ ಪೊಲೀಸರು ಹತ್ತಿರದ ಸ್ಟುಡಿಯೋದವನಿಗೆ ಫೋನು ಮಾಡುತ್ತಾರೆ. ಪಂಚನಾಮೆಗೆ ಫೋಟೋ ಬೇಕು. ಔರಾದ ತಾಲೂಕಿಗೆ ಮೊದಲು ಸಂಘಪಾಲನ ಅಪ್ಪ ಏಕನಾಥ, ಆಮೇಲೆ ಸಂಘಪಾಲ. ಟ್ರ್ಯಾಕ್ಟರಿನ ಗಾಲಿಯಡಿ ತಲೆ ಅಪ್ಪಚ್ಚಿಯಾದವರು, ಬದುವಿನ ಜಗಳದಲ್ಲಿ ಕುಡಗೋಲಿನಿಂದ ಕುತ್ತಿಗೆ ಅರ್ಧ ತುಂಡಾದವರು, ಬೇವಿನ ಮರಕ್ಕೆ ಜೋತುಬಿದ್ದವರು, ಬಾವಿಯಲ್ಲಿ ಮೂರು ದಿನ ನೆಂದು ಉಬ್ಬಿದವರು. ಅಪ್ಪ ಮಗ ಇಬ್ಬರೂ ಸೇರಿ ಐನೂರಕ್ಕೆ ಕಡಿಮೆಯಿಲ್ಲದಷ್ಟು ಹೆಣ ತೆಗೆದಿದ್ದಾರೆ. ಆ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಪೂರ್ತಿ ಮೈ, ಆಮೇಲೆ ಮುಖ, ಕೊನೆಗೆ ಗಾಯ. ಏಕನಾಥ ಈ ಕ್ರಮ ತಪ್ಪಿದವನಲ್ಲ.

ಅವನದೊಂದು ಫ್ಲ್ಯಾಶ್ ಇತ್ತು. ಮೊಳದುದ್ದದ ದಪ್ಪ ಹಿಡಿ, ಮೇಲೆ ಊಟದ ವಾಟಿಯಷ್ಟು ಅಗಲದ ತಲೆ. ವಿಲಾಯತಿ ಮಾಲು, ನನ್ನ ಮದುವೆಗಿಂತ ಹಳೆಯದು. ಈಗಿನ ಅಂಗೈಯಗಲದ ಫ್ಲ್ಯಾಶುಗಳು ಬಾವಿಯ ಅರ್ಧಕ್ಕೇ ಸುಸ್ತಾಗುತ್ತವೆ; ಇದರ ಬೆಳಕು ತಳದ ನೀರು ಮುಟ್ಟಿ ಮೇಲೆ ಬರುತ್ತಿತ್ತು. ದೋಷ ಒಂದೇ. ಒಂದು ಸಲ ಹೊಡೆದರೆ ಮತ್ತೆ ತುಂಬಿಕೊಳ್ಳಲು ಹನ್ನೆರಡು ಎಣಿಸಬೇಕು. ಒಳಗೆ ಕುಂಯ್ ಎಂದು ಸೊಳ್ಳೆ ಕೂಗಿದಂತೆ ಶಬ್ದವಾಗಿ, ಆಮೇಲೆ ಬೆನ್ನಿನ ಕೆಂಪು ದೀಪ ಹತ್ತುತ್ತದೆ.

ಔರಾದ ತಾಲೂಕಿನ ಎರಡು ತಲೆಮಾರಿಗೆ ಈ ಹನ್ನೆರಡರ ರೂಢಿ ಮೈಗೆ ಹತ್ತಿತ್ತು. ಮದುವೆ ಮಂಟಪದಲ್ಲಿ ಒಂದು ಬೆಳಕು ಬಿದ್ದೊಡನೆ ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾರೆ, ಗಂಡಸರು ಟೊಪ್ಪಿಗೆ ನೇರ ಮಾಡಿಕೊಳ್ಳುತ್ತಾರೆ, ಅತ್ತೆಯಾದವಳು ಸೊಸೆಯ ತಾಳಿ ಮುಂದಕ್ಕೆ ಎಳೆದು ಕೂಡಿಸುತ್ತಾಳೆ. ಮೊದಲ ಬೆಳಕಿಗೆ ತಪ್ಪು ಗೊತ್ತಾಗುವುದು, ಎರಡನೆಯದಕ್ಕೆ ಅದನ್ನು ತಿದ್ದಿಕೊಂಡು ಕೂರುವುದು. ಅವಸರವಿಲ್ಲ, ಕುಂಯ್ ಎನ್ನುವವರೆಗೆ ಹೊತ್ತಿದೆ ಎಂದು ಎಲ್ಲರಿಗೂ ಗೊತ್ತು.

ಸಂಘಪಾಲನಿಗೆ ಹತ್ತೊಂಬತ್ತು ವರ್ಷವಾದಾಗ ಒಮ್ಮೆ ನಕ್ಕು, ಇದು ಫ್ಲ್ಯಾಶಲ್ಲ, ದಮ್ಮು ಹತ್ತಿದ ಮುದುಕ ಎಂದುಬಿಟ್ಟನಂತೆ. ಏಕನಾಥ ಅದೇ ಫ್ಲ್ಯಾಶಿನ ಚರ್ಮದ ಪಟ್ಟಿ ಬಿಚ್ಚಿ ಅವನನ್ನು ಹೊಡೆದ. ಬೆನ್ನು, ಮುಖ, ಕಿವಿ, ಎಲ್ಲೆಂದರಲ್ಲಿ. ಬಕ್ಕಲು ತಾಗಿ ಹುಬ್ಬು ಸೀಳಿತು. ಪಕ್ಕದ ಚಹಾದಂಗಡಿಯವರು ಓಡಿ ಬಂದು ಬಿಡಿಸುವವರೆಗೂ ಹೊಡೆದ. ಆಮೇಲೆ ರಕ್ತ ಒರೆಸುತ್ತ ಕುಳಿತ ಮಗನಿಗೆ ಅವನು ಮೊದಲ ಬಾರಿಗೆ ಶಾಲುಬಾಯಿಯ ವಿಷಯ ಹೇಳಿದ.

ಶಾಲುಬಾಯಿ ಏಕನಾಥನ ಒಬ್ಬಳೇ ತಂಗಿ. ಕೊಟ್ಟ ಮನೆಯ ಬಾವಿಯಲ್ಲಿ ಬಿದ್ದು ಸತ್ತಳೆಂದು ಸುದ್ದಿ ಬಂತು. ಆಗ ತಾಲೂಕಿಗೆಲ್ಲ ಫೋಟೋದವನು ಇವನೊಬ್ಬನೇ. ತಂಗಿಯಾದರೇನು, ನೀನೇ ತೆಗೆ ಎಂದರು ಪೊಲೀಸರು. ಮೊದಲ ಫ್ಲ್ಯಾಶ್ ಹೊಡೆದ, ಕ್ರಮದಂತೆ ಪೂರ್ತಿ ಮೈ, ದೂರದಿಂದ. ಆ ಬೆಳಕಿನಲ್ಲಿ ಅವಳ ಕೊರಳ ಮೇಲೆ ಬೆರಳಿನ ನೀಲಿ ಗುರುತು ಕಂಡವು. ಹತ್ತಿರ ಹೋಗಿ ಕೂತು ಕೆಂಪು ದೀಪಕ್ಕೆ ಕಾದ. ಹನ್ನೆರಡು ಎಣಿಸುವಷ್ಟರಲ್ಲಿ ಅವಳ ಅತ್ತೆ ಬಂದು ಸೆರಗನ್ನು ಗದ್ದದವರೆಗೆ ಹೊದಿಸಿ, ಅಂಚು ಮಡಿಚಿ, ಕೈಮುಗಿದು ಹಿಂದೆ ಸರಿದಳು. ಎರಡನೆಯ ಫೋಟೋದಲ್ಲಿ ಶಾಲುಬಾಯಿ ಅಚ್ಚುಕಟ್ಟಾಗಿ ಮಲಗಿದ ಹಾಗೆ ಬಂದಳು. ಮೊದಲನೆಯದು ತೊಳೆದು ನೋಡಿದರೆ ಕೊರಳಿನ ಜಾಗ ಬರೀ ಮಸುಕು. ಕೇಸು ಕಾಲು ಜಾರಿ ಬಿದ್ದದ್ದು ಎಂದು ಮುಗಿಯಿತು.

"ಸೆರಗ ತೆಗೀರಿ ಅನ್ನಲಿಲ್ಲೋ ನಾ," ಎಂದನಂತೆ ಏಕನಾಥ ಮಗನಿಗೆ. "ಒಂದ ಮಾತ. ಸುತ್ತ ಅವರ ಮಂದಿ ಬಡಿಗಿ ಹಿಡಕೊಂಡು ನಿಂತಿದ್ರು. ಅಂಜಿದೆ."

ಅಂದಿನಿಂದ ಸಂಘಪಾಲನ ತಲೆಯಲ್ಲಿ ಇದೊಂದೇ ಹುಳ. ಎರಡನೆಯ ಫ್ಲ್ಯಾಶ್ ತಡವಾಗಬಾರದು.

ನಾಲ್ಕು ವರ್ಷದ ಹಿಂದೆ ಅವನು ಆ ಹಳೆಯ ಫ್ಲ್ಯಾಶನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ಅದರ ಮೂಲ ಬ್ಯಾಟರಿ ಎಂದೋ ಸತ್ತಿತ್ತು. ಆರು ಪೆನ್ಸಿಲ್ ಸೆಲ್ ಹಾಕಿ ನಡೆಸುತ್ತಿದ್ದ. ಈಗ ಎಲ್ಲೋ ಆನ್‌ಲೈನಿನಲ್ಲಿ ಆರು ಲಿಥಿಯಂ ಸೆಲ್ ತರಿಸಿದ್ದ, ಪೆನ್ಸಿಲ್ ಸೆಲ್ಲಿನದೇ ಉದ್ದ, ಅದೇ ದಪ್ಪ. ಇವನ್ನೇ ಹಿಡಿಯೊಳಗೆ ತುರುಕಿಬಿಡಲೇ ಕಾಕಾ ಎಂದು ಕೇಳಿದ. ನಾನು ಬೈದ ಬೈಗುಳ ಚೌಬಾರಾದ ಗಡಿಯಾರಕ್ಕೆ ಕೇಳಿಸಿರಬೇಕು. ಗಾತ್ರ ಒಂದೇ ಆದರೆ ಸಿಟ್ಟು ಒಂದೇ ಆಗುತ್ತದೆಯೇ? ಪೆನ್ಸಿಲ್ ಸೆಲ್ಲು ಒಂದೂವರೆ ವೋಲ್ಟು, ಇದು ನಾಲ್ಕರ ಹತ್ತಿರ. ಆರು ಸೇರಿದರೆ ಒಂಬತ್ತು ಕುಡಿಯುವ ಯಂತ್ರಕ್ಕೆ ಇಪ್ಪತ್ತೆರಡು ಕುಡಿಸಿದ ಹಾಗೆ. ಒಳಗಿನ ದೊಡ್ಡ ಕೆಪಾಸಿಟರು, ಬೆಳಕಿನ ಕರೆಂಟು ಕೂಡಿಟ್ಟುಕೊಳ್ಳುವ ಡಬ್ಬಿ, ಮುಖದ ಮುಂದೆ ಸಿಡಿಯುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದರಲ್ಲಿ ಮುನ್ನೂರು ವೋಲ್ಟು ಕಾದು ಕೂತಿರುತ್ತದೆ, ಗೊತ್ತಿಲ್ಲದವನು ಮುಟ್ಟಿದರೆ ಗೋಡೆಗೆ ಒಗೆಯುತ್ತದೆ. ನನ್ನನ್ನೇ ಎರಡು ಸಲ ಒಗೆದಿದೆ.

ಬೈಗುಳ ಮುಗಿಯುವಷ್ಟರಲ್ಲಿ ಅವನು ಆ ಸೆಲ್ಲುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಆಮೇಲೆ, "ನಂಗ ಎರಡನೇದು ತಡ ಆಗಬಾರ್ದು ಕಾಕಾ. ಉಳಿದದ್ದು ಏನರೆ ಆಗ್ಲಿ," ಎಂದ.

ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ನಾಲ್ಕು ಒಳ್ಳೆಯ ಸೆಲ್ ಆರಿಸಿ, ಎಂಟು ಚಿಲ್ಲರೆ ವೋಲ್ಟು ಬರುವಂತೆ ಎರಡೆರಡಾಗಿ ಜೋಡಿಸಿದೆ. ವೋಲ್ಟು ಹಳೆಯದರಷ್ಟೇ, ಆದರೆ ಇವು ಕರೆಂಟನ್ನು ಒಮ್ಮೆಲೇ ಸುರಿಯುತ್ತವೆ. ಅವು ಹಿಡಿಯೊಳಗೆ ಹಿಡಿಸಲಿಲ್ಲ. ಹೊರಗೆ, ಹಿಡಿಯ ಕೆಳಗೆ ಕಟ್ಟಿ, ಮೇಲೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದೆ. ಹಳೆಯ ಫ್ಲ್ಯಾಶಿನ ತಂತಿಯಲ್ಲಿ ಬರುವ ವೋಲ್ಟು ಡಿಜಿಟಲ್ ಕ್ಯಾಮೆರಾವನ್ನು ಕೊಲ್ಲುತ್ತದೆ. ಅದಕ್ಕೆ ತಂತಿಯಿಲ್ಲದೆ ಹೊಡೆಸುವ ಸಣ್ಣ ಡಬ್ಬಿಯನ್ನೂ ಕೂಡಿಸಿದೆ. ಹೊಡೆದು ನೋಡಿದೆವು. ಬೆಳಕು, ಒಂದು, ಎರಡು, ಮತ್ತೆ ಬೆಳಕು. ಸಂಘಪಾಲ ಹತ್ತು ಸಲ ಹೊಡೆದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಹತ್ತಕ್ಕಿಂತ ಹೆಚ್ಚು ಒಟ್ಟಿಗೆ ಹೊಡೆಯಬೇಡ, ಹೊಟ್ಟೆ ಕಾಯ್ದು ಸುಟ್ಟುಹೋಗುತ್ತದೆ ಎಂದು ಅವನನ್ನು ಗದರಿದೆ.

ಬ್ಯಾಟರಿಗೆ ತಗಡಿನ ಡಬ್ಬಿ ಮಾಡಿಕೊಡಬೇಕಿತ್ತು. ಲಿಥಿಯಂ ಸೆಲ್ಲಿಗೆ ಪೆಟ್ಟು ಬಿದ್ದರೆ ಬೆಂಕಿ ಎಂದು ನನಗೆ ಗೊತ್ತಿತ್ತು. ಮುಂದಿನ ವಾರ ಬಾ ಎಂದೆ. ಬಂದ. ನನಗೆ ಯಾವುದೋ ಆಂಪ್ಲಿಫಾಯರಿನ ತಲೆಬಿಸಿ, ಮದುವೆ ಸುಗ್ಗಿ, ಇನ್ನೊಮ್ಮೆ ಬಾ ಎಂದೆ. ಮತ್ತೆ ಬಂದ. ನಿನಗೊಬ್ಬನಿಗೇ ಅಂಗಡಿ ಇಟ್ಟಿದ್ದೇನೆಯೇ ಎಂದು ನಾಲ್ಕು ಜನರೆದುರು ಒದರಿದೆ. ಅವನು ನಗುತ್ತ ಔರಾದಿನ ಬಸ್ಸು ಹತ್ತಿದ, ಮತ್ತೆ ಡಬ್ಬಿ ಕೇಳಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ನನ್ನ ಹೆಂಡತಿ ಅನಸೂಯಾಬಾಯಿ ಎಷ್ಟೋ ಸಲ ಅಂದಿದ್ದಾಳೆ. ಬೆಂಕಿ ಬಿದ್ದದ್ದು ಅವನ ಕೈಗೆ.

ಅದಾದ ಎರಡು ತಿಂಗಳಿಗೆ, ಒಂದು ಬೆಳಗ್ಗೆ, ಸಂತಪುರದ ಕಡೆಯ ಒಂದು ಹೊಲದಿಂದ ಹವಾಲ್ದಾರ ಶಿವರಾಜಪ್ಪ ಸಂಘಪಾಲನಿಗೆ ಫೋನು ಮಾಡಿದ. ಮಾನಸಿ ಎಂಬ ಇಪ್ಪತ್ತಮೂರು ವರ್ಷದ ಹುಡುಗಿ, ಮದುವೆಯಾಗಿ ಎರಡು ವರ್ಷ, ನೀರು ಸೇದಲು ಹೋಗಿ ಬಾವಿಗೆ ಬಿದ್ದಿದ್ದಾಳೆ. ಅವಳ ಮದುವೆಯ ಫೋಟೋ ತೆಗೆದವನೂ ಸಂಘಪಾಲನೇ. ಅವನು ಹೋಗುವಷ್ಟರಲ್ಲಿ ಹಗ್ಗ ಹೆಣೆದ ಹೊರಸು ಇಳಿಬಿಟ್ಟು ಹೆಣ ಮೇಲೆತ್ತಿದ್ದರು. ಅವಳು ಅದೇ ಹೊರಸಿನ ಮೇಲೆ, ಬಾಯಿ ಅರ್ಧ ತೆರೆದು, ಒಂದು ಕಾಲು ಜೋತು ಬಿಟ್ಟು ಬಿದ್ದಿದ್ದಳು. ಪಕ್ಕದಲ್ಲಿ ಗಂಡ ಸುಶೀಲಕುಮಾರ, ಅವನ ಅಣ್ಣ ಧೊಂಡಿಬಾ, ತಲೆಯ ಹತ್ತಿರ ಅತ್ತೆ. ಶಿವರಾಜಪ್ಪ ದೂರದಲ್ಲಿ, ಜೀಪಿನ ಹತ್ತಿರ, ತಹಶೀಲ್ದಾರರಿಗೆ ಫೋನು ಹಚ್ಚುತ್ತ ನಿಂತಿದ್ದ. ಮೋಡ ಕವಿದು ಕತ್ತಲೆ ಇನ್ನೂ ಪೂರ್ತಿ ಹರಿದಿರಲಿಲ್ಲ.

ಸಂಘಪಾಲ ಮೊದಲ ಫ್ಲ್ಯಾಶ್ ಹೊಡೆದ. ಕೊರಳ ಮೇಲೆ ಒಂದು ಕಡೆ ಒಂದು, ಇನ್ನೊಂದು ಕಡೆ ಮೂರು ನೀಲಿ ಗುರುತು. ಅವನಿಗೂ ಕಂಡವು, ಅವರಿಗೂ ಕಂಡವು. ಆಗ ಅವರೆಲ್ಲ ತಮ್ಮ ಮೈಗೆ ಹತ್ತಿದ ರೂಢಿಯನ್ನೇ ಮಾಡಿದರು. ಹನ್ನೆರಡರ ಹೊತ್ತಿದೆ ಎಂದುಕೊಂಡು ಅತ್ತೆ ಸೆರಗಿಗೆ ಕೈ ಹಾಕಿದಳು. ಸುಶೀಲಕುಮಾರ ಅಂಗಿಯ ತೋಳು ಕೆಳಗೆ ಎಳೆದುಕೊಳ್ಳಲು ಹೋದ, ಅವನ ಮುಂಗೈಯಲ್ಲಿ ಉಗುರಿನಿಂದ ಪರಚಿದ ಹಸಿ ಗೀರುಗಳಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ಆ ಜಾತಿ.

ಎರಡು ಸೆಕೆಂಡಿಗೆ ಎರಡನೆಯ ಫ್ಲ್ಯಾಶ್ ಬಿತ್ತು.

ಆ ಫೋಟೋ ನಾನು ನೋಡಿದ್ದೇನೆ. ಹಸಿರು ಬಳೆಯ ಕೈ ಸೆರಗು ಹಿಡಿದು ಅರ್ಧ ಎಳೆದಿದೆ, ನಾಲ್ಕೂ ಗುರುತು ಬಯಲಲ್ಲಿವೆ, ಹಿಂದೆ ಗಂಡನ ಬೆರಳು ತೋಳಿನ ಗುಂಡಿಯ ಮೇಲಿದೆ. ಅತ್ತೆಯ ಕಣ್ಣು ನೇರ ಕ್ಯಾಮೆರಾ ಕಡೆ. ಇಷ್ಟು ಬೇಗ ಹೇಗೆ ಎಂದು ಕೇಳುವ ಮುಖ.

ಧೊಂಡಿಬಾ ಮೊದಲು ಮೆಲ್ಲಗೆ ಕೇಳಿದ, ಅದನ್ನು ಅಳಿಸಿಬಿಡು ಎಂದು. ಸಂಘಪಾಲ ಆಗಲಿ ಎಂದು ತಲೆಯಾಡಿಸಿ, ಬೆನ್ನು ತಿರುಗಿಸಿ ಕ್ಯಾಮೆರಾದ ಕಾರ್ಡು ತೆಗೆದು ಬಾಯಿಗೆ ಹಾಕಿಕೊಂಡ. ಮದುವೆಯ ಗದ್ದಲದಲ್ಲಿ ಕಾರ್ಡು ಬದಲಿಸುವಾಗ ಫೋಟೋದವರು ತುಟಿಯಲ್ಲಿ ಕಚ್ಚಿ ಹಿಡಿಯುತ್ತಾರೆ, ಅದೇ ಅಭ್ಯಾಸ. ಈ ಸಲ ಒಸಡಿಗೂ ಕೆನ್ನೆಗೂ ನಡುವೆ ತಳ್ಳಿಕೊಂಡ. ಖಾಲಿ ಕ್ಯಾಮೆರಾ ಕೈಗೆ ಬಂದಾಗ ಧೊಂಡಿಬಾನಿಗೆ ಗೊತ್ತಾಯಿತು. ಕ್ಯಾಮೆರಾದಿಂದಲೇ ಸಂಘಪಾಲನ ಮುಖಕ್ಕೆ ಬಾರಿಸಿದ. ಕೆಳಗೆ ಬಿದ್ದವನ ಪಕ್ಕೆಗೆ ಸುಶೀಲಕುಮಾರ ಒದ್ದ, ಮತ್ತೆ ಒದ್ದ, ಎಲುಬು ಲಟ್ಟೆಂದ ಮೇಲೂ ಒದ್ದ. ಅತ್ತೆ ಅವನ ಕೂದಲು ಹಿಡಿದು ಬಾಯಿಗೆ ಬೆರಳು ಹಾಕಲು ನೋಡಿದಳು. ಅವನು ಕಚ್ಚಿದ. ಬಾಯಿ ತೆರೆಸಲೆಂದು ದವಡೆಯ ಮೇಲೆ ಬೂಟುಗಾಲು ಇಟ್ಟು ತುಳಿದರು. ದವಡೆ ಒಡೆಯಿತು, ಹಲ್ಲು ಉದುರಿದವು, ಕಾರ್ಡು ಕೆನ್ನೆಯ ಮಾಂಸದೊಳಗೆ ನಾಟಿಕೊಂಡು ಕುಳಿತಿತು.

ಶಿವರಾಜಪ್ಪ ಲಾಠಿ ಎತ್ತಿಕೊಂಡು ಓಡಿಬಂದ, ಆದರೆ ಅಷ್ಟರಲ್ಲಿ ಧೊಂಡಿಬಾ ಫ್ಲ್ಯಾಶಿಗೆ ಕೈ ಹಾಕಿದ್ದ. ಬಾಯಲ್ಲಿ ಸಿಗದ ಮೇಲೆ ಫೋಟೋ ಅದರೊಳಗಿದೆ ಎಂದು ಅವನ ತಲೆಗೆ ಹೊಳೆದಿರಬೇಕು. ಬಾವಿಯ ಕಟ್ಟೆಯ ಮೇಲಿಂದ ಕಲ್ಲು ಎತ್ತಿದ. ಅಪ್ಪನ ಫ್ಲ್ಯಾಶು. ಸಂಘಪಾಲ ಬಲಗೈಯಿಂದ ಅದರ ಹಿಡಿಯನ್ನು ತಬ್ಬಿ ಹಿಡಿದ. ಕಲ್ಲು ನನ್ನ ಸೈಕಲ್ ಟ್ಯೂಬಿನ ಮೇಲೆ ಬಿತ್ತು. ಎರಡನೆಯ ಪೆಟ್ಟಿಗೆ ಸೆಲ್ಲು ಒಡೆದು ಬಿಳಿ ಹೊಗೆ ಬುಸ್ಸೆಂದಿತು, ಮರುಕ್ಷಣ ಬೆಂಕಿ ಪಿಚಕಾರಿಯಂತೆ ಚಿಮ್ಮಿತು. ಬಗ್ಗಿದ್ದ ಧೊಂಡಿಬಾನ ಕೆನ್ನೆ, ಹುಬ್ಬು ಸುಟ್ಟವು. ಸಂಘಪಾಲನ ಬೆರಳುಗಳು ಕರಗಿದ ಪ್ಲಾಸ್ಟಿಕ್ಕು ಮತ್ತು ರಬ್ಬರಿಗೆ ಅಂಟಿಕೊಂಡು ಬಿಡಿಸಲಾಗದೆ ಉರಿದವು. ಶಿವರಾಜಪ್ಪ ಮಣ್ಣು ಎರಚಿ ಎರಚಿ ಆರಿಸಿದ.

ಬೀದರಿನ ಆಸ್ಪತ್ರೆಯಲ್ಲಿ ಸಂಘಪಾಲ ತಟ್ಟೆಯೊಳಗೆ ರಕ್ತ ಉಗುಳಿದ, ರಕ್ತದ ಜೊತೆ ಒಂದು ಹಲ್ಲು, ಹಲ್ಲಿನ ಜೊತೆ ಆ ಕಾರ್ಡು. ಅವನ ಹೆಂಡತಿ ವಿಶಾಖಾ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಶಿವರಾಜಪ್ಪನ ಕೈಗೆ ಕೊಟ್ಟು, ತನ್ನೆದುರೇ ಸೀಲು ಹಾಕಿಸಿ ರಶೀದಿ ತೆಗೆದುಕೊಂಡಳು. ಅದೇ ಸಂಜೆ ಡಾಕ್ಟರು ಮೂರು ಬೆರಳು ತೆಗೆದರು.

ಇಷ್ಟಕ್ಕೇ ಮುಗಿಯಿತೇ? ಧೊಂಡಿಬಾ ಸುಟ್ಟ ಕೆನ್ನೆ ತೋರಿಸಿ ಪ್ರತಿದೂರು ಕೊಟ್ಟ. ಫೋಟೋದವನು ಬಾಂಬು ತಂದಿದ್ದ, ದುಡುಕಿ ನಮ್ಮ ಮೇಲೆ ಎಸೆದ ಎಂದು. ಹುಡುಗಿಯ ಪೋಸ್ಟ್‌ಮಾರ್ಟಂ ವರದಿ ಎರಡೂ ದೋಣಿಯಲ್ಲಿ ಕಾಲಿಟ್ಟಿತ್ತು, ಕೊರಳ ಗುರುತು ಮೇಲೆತ್ತುವಾಗಲೂ ಆಗಿರಬಹುದು ಎಂದು. ಹಾಗಾಗಿ ಉಳಿದದ್ದು ಆ ಎರಡು ಫೋಟೋ ಮಾತ್ರ. ಅವು ನಿಂತರೆ ಮಾನಸಿಯದು ಕೊಲೆ, ಬಿದ್ದರೆ ಕಾಲು ಜಾರಿದ್ದು, ಮತ್ತು ಸಂಘಪಾಲ ಮೂರು ಬೆರಳು ಕಳೆದುಕೊಂಡು ಜೈಲಿಗೂ ಹೋಗುವವನು.

ಜಾಮೀನಿನ ಮೇಲೆ ಬಂದ ಧೊಂಡಿಬಾ ನಾಲ್ಕು ಜನರನ್ನು ಕರೆದುಕೊಂಡು ನನ್ನ ಅಂಗಡಿಗೆ ನುಗ್ಗಿದ. ಗಾಜಿನ ಕಪಾಟಿಗೆ ಕಬ್ಬಿಣದ ಸರಳು ಬೀಸಿದ, ನನ್ನ ಭುಜಕ್ಕೂ ಒಂದು ಬಿತ್ತು. ಮೇಜಿನ ಮೇಲಿದ್ದ ರೇಡಿಯೋಗಳನ್ನೆಲ್ಲ ನೆಲಕ್ಕೆ ಬಡಿದ. ಆಮೇಲೆ ನನ್ನ ಅಂಗಿಯ ಕಾಲರು ಹಿಡಿದು ಮುಖದ ಹತ್ತಿರ ಮುಖ ತಂದ, ಸುಟ್ಟ ಕೆನ್ನೆಯ ಚರ್ಮ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

"ಬಾಂಬ್ ಕಟ್ಟಿಕೊಟ್ಟಾಂವ ನೀನಽ," ಎಂದ. "ಅವನಿಗಿ ಹೇಳು, ಫೋಟೋ ಖೋಟಾ ಅಂತ ಬರದು ಕೊಡ್ಲಿ. ನಾವೂ ಬಾಂಬಿನ ಕೇಸ್ ಹಿಂದ ತಗೋತೀವಿ. ಇಲ್ಲಂದ್ರ ಅವನ ಜೋಡಿ ನೀನೂ ಒಳಗ."

ಸುಳ್ಳು ಯಾಕೆ ಹೇಳಲಿ, ನಾನು ಹೆದರಿದೆ. ಬಾಯಿ ಇದ್ದಷ್ಟು ದೊಡ್ಡ ಎದೆ ನನಗಿಲ್ಲ ಎಂದು ಅವತ್ತು ಗೊತ್ತಾಯಿತು. ನೌಬಾದಿನ ನನ್ನ ಮನೆಗೆ ಹೋಗಿ, ಭುಜಕ್ಕೆ ಅರಿಸಿನ ಹಚ್ಚಿಸಿಕೊಳ್ಳುತ್ತ, ನಾನು ಸಾಕ್ಷಿ ಹೇಳುವುದಿಲ್ಲ, ನಾನು ಕಟ್ಟಿದ್ದೆಂದು ಯಾರಿಗೆ ಗೊತ್ತು ಎಂದು ಅನಸೂಯಾಬಾಯಿಗೆ ಹೇಳಿದೆ. ಅವಳು ಅರಿಸಿನದ ಬಟ್ಟಲು ನೆಲಕ್ಕಿಟ್ಟಳು.

"ಜನಮ ಪೂರ್ತಿ ಬಡವರ ಮ್ಯಾಲ ಒದರಿದ್ರಿ," ಎಂದಳು. "ಕೋರ್ಟಿನ್ಯಾಗ ಒಮ್ಮಿ ಒದರಿ ಬರ್ರಿ."

ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಸಂಘಪಾಲನ ಎದುರು ನಿಂತೆ. ತಗಡಿನ ಡಬ್ಬಿಯ ಮಾತು ಎತ್ತಿ ಅತ್ತುಬಿಟ್ಟೆ. ತಂತಿಯಿಂದ ಕಟ್ಟಿದ ದವಡೆಯಲ್ಲಿ ಅವನು ಕೇಳಿದ್ದು ಒಂದೇ: "ಎರಡನೇದು ಬಂದದ ಅಲ್ಲ ಕಾಕಾ?" ಬಂದಿದೆ ಎಂದೆ. ಸಾಕು ಎಂಬಂತೆ ಕಣ್ಣು ಮುಚ್ಚಿದ.

ಆರೋಪಿಗಳ ವಕೀಲರು ಸುಮ್ಮನಿರುವವರಲ್ಲ ಎಂದು ನನಗೆ ಗೊತ್ತಿತ್ತು. ಎರಡೂ ಫೋಟೋದ ನಡುವೆ ಎರಡೇ ಸೆಕೆಂಡು ಎಂದು ಕಾರ್ಡು ಹೇಳುತ್ತದೆ. ಇಷ್ಟು ಹಳೆಯ ಫ್ಲ್ಯಾಶಿಗೆ ಹನ್ನೆರಡು ಬೇಕೆಂದು ಅದರ ಜೊತೆ ಬಂದ ಪುಸ್ತಕವೇ ಹೇಳುತ್ತದೆ. ಫೋಟೋ ಖೋಟಾ ಎನ್ನಲು ಅಷ್ಟು ಸಾಕು. ಸುಟ್ಟ ಫ್ಲ್ಯಾಶು ಕರಗಿದ ಮುದ್ದೆಯಾಗಿ ಪೊಲೀಸರ ಹತ್ತಿರವಿತ್ತು. ಅದರ ಜೋಡಿ ಬೇಕಿತ್ತು. ಭಾಲ್ಕಿಯಲ್ಲಿ ಹಣಮಂತ ಎಂಬುವರ ಮುಚ್ಚಿದ ಸ್ಟುಡಿಯೋದ ಅಟ್ಟದ ಮೇಲೆ ಅಂಥದೇ ಒಂದು ಬಿದ್ದಿತ್ತು. ತರಲು ಏಕನಾಥನೂ ಬಂದ. ಎಪ್ಪತ್ತೇಳರ ಮುದುಕ, ವಾಪಸು ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಪ್ಪತ್ತು ವರ್ಷ ಉಪವಾಸ ಬಿದ್ದ ಕೆಪಾಸಿಟರಿಗೆ ಒಮ್ಮೆಲೇ ಪೂರ್ತಿ ಕರೆಂಟು ಕುಡಿಸಿದರೆ ಹೊಟ್ಟೆ ಒಡೆದು ಸಾಯುತ್ತದೆ. ದಿನಕ್ಕಿಷ್ಟು, ದಿನಕ್ಕಿಷ್ಟು ಎಂದು ನಾಲ್ಕು ದಿನ ತೊಟ್ಟು ತೊಟ್ಟು ಕುಡಿಸಿ ಎಬ್ಬಿಸಿದೆ. ಈ ಸಲ ಬ್ಯಾಟರಿಗೆ ಮೊದಲು ತಗಡಿನ ಡಬ್ಬಿ ಮಾಡಿದೆ.

ವಿಚಾರಣೆಯ ದಿನ ನಾನು ಕಟಕಟೆಯಲ್ಲಿ ನಿಂತು, ಆ ಬ್ಯಾಟರಿ ಕಟ್ಟಿದವನು ನಾನೇ ಎಂದೆ. ಆರೋಪಿಗಳ ವಕೀಲರು ನಗುತ್ತ, ಸೈಕಲ್ ಟ್ಯೂಬ್ ಸುತ್ತಿ ಕಟ್ಟುವುದು ಬಾಂಬಿಗೂ ಇದೇ ರೀತಿಯಲ್ಲವೇ ಎಂದು ಕೇಳಿದರು. ನನಗೆ ತಲೆ ಕೆಟ್ಟಿತು. "ಬಾಂಬ್ ಅಲ್ರಿ ಸಾಹೇಬ್ರ, ನನ್ನ ಮೈಗಳ್ಳತನ ಅದು. ಡಬ್ಬಿ ಮಾಡಿಕೊಡು ಅಂತ ಎರಡು ಸಲ ಬಂದಿದ್ದ, ಬೈದು ಕಳಿಸೀನಿ. ಶಿಕ್ಷಾ ಕೊಡೋದಿದ್ರ ನಂಗ ಕೊಡ್ರಿ," ಎಂದು ಒದರಿಬಿಟ್ಟೆ. ನ್ಯಾಯಾಧೀಶರು ಮೆಲ್ಲಗೆ ಮಾತಾಡಲು ಹೇಳಿದರು, ಆದರೆ ಬರೆದುಕೊಂಡರು. ಆಮೇಲೆ ವಕೀಲರು ಆ ಹನ್ನೆರಡರ ಪುಸ್ತಕ ತೆಗೆದರು. ಸರಕಾರಿ ವಕೀಲರು, ಹಾಗಾದರೆ ಹೊಡೆದೇ ತೋರಿಸುತ್ತೇವೆ ಎಂದರು.

ಸಂಘಪಾಲನ ಕೈಗೆ ಆ ತೂಕ ಹಿಡಿಯಲು ಆಗಲಿಲ್ಲ. ಫ್ಲ್ಯಾಶು ಜಾರಿತು. ಹಿಂದಿನ ಬೆಂಚಿನಿಂದ ಏಕನಾಥ ಎದ್ದು ಬಂದು ಮಗನ ಕೈಯಿಂದ ಅದನ್ನು ತೆಗೆದುಕೊಂಡ.

ಮೊದಲು ಆರು ಪೆನ್ಸಿಲ್ ಸೆಲ್ ಹಾಕಿ. ಬೆಳಕು ಬಿತ್ತು. ಕುಂಯ್ ಎಂದು ಶಬ್ದ ಶುರುವಾಯಿತು. ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿದರು. ಒಂದು, ಎರಡು, ಮೂರು. ಆರೋಪಿಗಳ ವಕೀಲರು ತಮ್ಮ ಪುಸ್ತಕದ ಮೇಲೆ ಬೆರಳು ತಟ್ಟಿದರು. ಐದು, ಆರು. ಹನ್ನೆರಡು ಎಷ್ಟು ಉದ್ದವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಎಂಟಕ್ಕೆ ಏಕನಾಥ ಬಾಯಿ ತೆರೆದ.

"ಇಷ್ಟೊತ್ತಿನ್ಯಾಗ ನಮ್ಮ ಶಾಲೂನ ಕೊರಳ ಮುಚ್ಚಿದ್ರು ಸಾಹೇಬ್ರ," ಎಂದ. "ನಾ ಸುಮ್ಮ ಕುಂತಿದ್ದೆ."

ಯಾರು ಶಾಲು ಎಂದು ಯಾರೂ ಕೇಳಲಿಲ್ಲ. ಕೆಂಪು ದೀಪ ಹತ್ತಿತು.

ಆಮೇಲೆ ನಾನು ಡಬ್ಬಿಯ ಬ್ಯಾಟರಿ ಕೂಡಿಸಿದೆ. ಏಕನಾಥ ಗುಂಡಿ ಒತ್ತಿದ. ಬೆಳಕು, ಒಂದು, ಎರಡು, ಬೆಳಕು. ನ್ಯಾಯಾಧೀಶರು ತಲೆಯಾಡಿಸಿದರು. ಮುದುಕ ಮತ್ತೆ ಒತ್ತಿದ. ಮತ್ತೆ. ಆರೋಪಿಗಳ ಕಡೆ ತಿರುಗಿ ಒತ್ತಿದ. ಅತ್ತೆ ಮುಖ ಮುಚ್ಚಿಕೊಂಡಳು, ಸುಶೀಲಕುಮಾರ ಕಣ್ಣು ಕಿರಿದು ಮಾಡಿ ಗೋಡೆಗೆ ಒರಗಿದ. ಸಾಕು ಎಂದರು ನ್ಯಾಯಾಧೀಶರು. ಅವನಿಗೆ ಕೇಳಿಸಲಿಲ್ಲ. ಹತ್ತು ದಾಟಿತು. ಫ್ಲ್ಯಾಶಿನ ಹೊಟ್ಟೆ ಕಾಯ್ದು ಸುಟ್ಟ ವಾಸನೆ ಬಂತು, ಸೀಳಿನಿಂದ ಹೊಗೆ ಎದ್ದಿತು. ಅವನ ಅಂಗೈ ಸುಡುತ್ತಿರಬೇಕು, ಬಿಡಲಿಲ್ಲ. ಹದಿನೇಳನೆಯದಕ್ಕೆ ಒಳಗೆ ಫಟ್ಟೆಂದು ಒಡೆದು ಬೆಳಕು ಸತ್ತಿತು. ಸಂಘಪಾಲ ಹಿಂದಿನಿಂದ ಬಂದು, ಎರಡೇ ಬೆರಳಿನ ಕೈಯಿಂದ ಅಪ್ಪನ ಮುಂಗೈ ಹಿಡಿದು ಕೆಳಗಿಳಿಸಿದ. ಅವನ ಹುಬ್ಬಿನ ಹಳೆಯ ಗಾಯವನ್ನು ಮುದುಕ ಮುಟ್ಟಿ ನೋಡಿದ.

ಸುಶೀಲಕುಮಾರನಿಗೂ ತಾಯಿಗೂ ಜೀವಾವಧಿ ಆಯಿತು, ಧೊಂಡಿಬಾನಿಗೆ ಏಳು ವರ್ಷ. ಬಾಂಬಿನ ಕೇಸು ಬಿದ್ದುಹೋಯಿತು. ಶಾಲುಬಾಯಿಯ ಕೇಸನ್ನು ಯಾರೂ ತೆರೆಯಲಿಲ್ಲ, ತೆರೆಯಲು ಏನೂ ಉಳಿದಿರಲಿಲ್ಲ. ಏಕನಾಥ ಆ ಮಳೆಗಾಲ ದಾಟಲಿಲ್ಲ.

ಭಾಲ್ಕಿಯ ಆ ಫ್ಲ್ಯಾಶನ್ನು ನಾನು ಮತ್ತೆ ಎಬ್ಬಿಸಿದೆ, ಒಡೆದ ಕೆಪಾಸಿಟರು ಬದಲಿಸಿ, ಹಿಡಿ ಸಣ್ಣದು ಮಾಡಿ, ಎಡಗೈಗೆ ಹೊಂದುವಂತೆ. ಸಂಘಪಾಲ ಈಗಲೂ ಪೊಲೀಸರು ಕರೆದಲ್ಲಿಗೆ ಹೋಗುತ್ತಾನೆ. ಹೋದ ವಾರ ಔರಾದ ಹತ್ತಿರದ ಒಂದು ಬಾವಿಗೆ ನಾನೂ ಜೊತೆಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳು. ಪೂರ್ತಿ ಮೈ, ಆಮೇಲೆ ಮುಖ, ಕೊನೆಗೆ ಗಾಯ ಎಂಬ ಅಪ್ಪನ ಕ್ರಮವನ್ನು ಅವನು ಬಿಟ್ಟಿದ್ದಾನೆ. ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ತಾನೇ ಬಗ್ಗಿ, ಉಳಿದೆರಡು ಬೆರಳಿನಿಂದ ಸೆರಗು ಸರಿಸಿ, ಮೊದಲ ಫೋಟೋ ಕೊರಳದ್ದೇ ತೆಗೆದ.